ಸಂಬಳ ಕೊಡದ ಸರ್ಕಾರ, ಕೈ ಚಾಚುವ ನೌಕರ

ಕಾಂಗೋದ ರಾಜಧಾನಿ ಕಿನ್ಶಾಸಾಗೆ ಹೊಸದಾಗಿ ಬಂದಿರುವ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ತಾಮ್ರ, ಕೋಬಾಲ್ಟ್, ವಜ್ರ ಎಲ್ಲಾ ಇರುವ ಕಾಂಗೋದಲ್ಲಿ ಜನ ಯಾಕೆ ಇಷ್ಟು ಬಡವರು? ಯಾವ ಕಚೇರಿಗೆ ಹೋದರೂ ದುಡ್ಡು ಕೇಳುತ್ತಾರಲ್ಲ, ಇಲ್ಲಿನವರ ಗುಣವೇ ಹೀಗಾ? ಎರಡನೆಯದಕ್ಕೆ ಮೊದಲು ಹೇಳಿಬಿಡುತ್ತೇನೆ. ಗುಣ ಅಲ್ಲ. ಹೀಗಲ್ಲದೆ ಬದುಕಲು ಬೇರೆ ದಾರಿಯೇ ಇಲ್ಲದಂತೆ ಮಾಡಿಟ್ಟರು, ಅಷ್ಟೆ.

ಈ ದೇಶದ ಸರ್ವಾಧಿಕಾರಿಯಾಗಿದ್ದ ಮೊಬುಟು 1965ರ ನವೆಂಬರಿನಲ್ಲಿ ಸೇನೆಯ ಬಲದಿಂದ ಅಧಿಕಾರ ಹಿಡಿದ. 1997ರ ಮೇ ತನಕ ಬಿಡಲಿಲ್ಲ. ಬಂದ ಮರುವರ್ಷವೇ ಒಬ್ಬ ಮಾಜಿ ಪ್ರಧಾನಿ ಮತ್ತು ಮೂವರು ಮಾಜಿ ಮಂತ್ರಿಗಳನ್ನು ಜನರ ಎದುರಿಗೇ ನೇಣಿಗೆ ಹಾಕಿಸಿದ. ಊರಿನ ದೊಡ್ಡ ಕ್ರೀಡಾಂಗಣ ‘ಸ್ಟಾಡ್ ದೆ ಮಾರ್ತಿರ್’ ನೋಡಿರುತ್ತೀರಿ. ಆ ಹೆಸರಿನಲ್ಲಿರುವ ಹುತಾತ್ಮರು ಇವರೇ. ಆಮೇಲೆ ದೇಶಕ್ಕೆಲ್ಲ ಒಂದೇ ಪಕ್ಷ. ಹುಟ್ಟಿದ ಮಗುವೂ ಅದರ ಸದಸ್ಯ! ಲೆಕ್ಕ ಕೇಳುವವರು ಉಳಿಯಲಿಲ್ಲ. ಲೂಟಿ ಶುರುವಾಗಿದ್ದು ಖಜಾನೆಯಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಕೇಳಿದರೆ ಆ ನೇಣುಗಂಬದ ಹತ್ತಿರವೇ ಶುರುವಾಯಿತು.

1973ರಲ್ಲಿ ವಿದೇಶಿಯರ ಅಂಗಡಿ, ತೋಟ, ಸಣ್ಣ ಕಾರ್ಖಾನೆಗಳನ್ನೆಲ್ಲ ಕಿತ್ತುಕೊಂಡು ತನ್ನವರಿಗೆ ಹಂಚಿದ. ದೇಶದ ಸ್ವತ್ತು ದೇಶದವರಿಗೆ ಅನ್ನುವ ಮಾತು ಕೇಳಲು ಚೆನ್ನಾಗಿಯೇ ಇತ್ತು. ಆದರೆ ಸಿಕ್ಕಿದ್ದು ಮಂತ್ರಿಗಳಿಗೆ, ಸೇನಾಧಿಕಾರಿಗಳಿಗೆ, ಪಕ್ಷದವರಿಗೆ. ಬಹಳ ಜನ ಇದ್ದ ಸರಕು ಮಾರಿಕೊಂಡು ಬಾಗಿಲು ಹಾಕಿದರು. ಮೂರೇ ವರ್ಷದಲ್ಲಿ ಹಳೇ ಮಾಲೀಕರನ್ನು ವಾಪಸ್ ಕರೆಯಬೇಕಾಯಿತು. ಅಷ್ಟರಲ್ಲಿ ಅಂಗಡಿಗಳಿದ್ದವು, ವ್ಯಾಪಾರ ಇರಲಿಲ್ಲ.

ಗಣಿಯ ಕಥೆ ಇನ್ನೂ ದೊಡ್ಡದು. ಸರ್ಕಾರಿ ಕಂಪನಿ ಜೆಕಾಮಿನ್ 1980ರ ದಶಕದ ನಡುವೆ ವರ್ಷಕ್ಕೆ ಸುಮಾರು 4.7 ಲಕ್ಷ ಟನ್ ತಾಮ್ರ ತೆಗೆಯುತ್ತಿತ್ತು. 1994ರ ಹೊತ್ತಿಗೆ ಅದು 50 ಸಾವಿರ ಟನ್ನಿಗೂ ಕೆಳಗೆ ಬಂದಿತ್ತು. ತಾಮ್ರ ಖಾಲಿಯಾಗಿರಲಿಲ್ಲ. ಬಂದ ಹಣವೆಲ್ಲ ಮೇಲಕ್ಕೆ ಹೋಗುತ್ತಿತ್ತು, ಯಂತ್ರಕ್ಕೆ, ದುರಸ್ತಿಗೆ ಏನೂ ಉಳಿಯುತ್ತಿರಲಿಲ್ಲ. 1990ರಲ್ಲಿ ಅದೇ ಕಂಪನಿಯ ಕಮೋಟೋದ ನೆಲದಡಿಯ ಗಣಿ ಕುಸಿದೇ ಹೋಯಿತು.

ಈಗ ನಿಮ್ಮ ಕಚೇರಿಯ ವಿಷಯಕ್ಕೆ ಬರೋಣ. ಖಜಾನೆ ಬರಿದಾದಾಗ ಸರ್ಕಾರ ನೌಕರರನ್ನು ಮನೆಗೆ ಕಳಿಸಲಿಲ್ಲ. ಕೆಲಸ ಇತ್ತು, ಮುದ್ರೆ ಇತ್ತು, ಸಮವಸ್ತ್ರ ಇತ್ತು. ಸಂಬಳ ಮಾತ್ರ ಬರಲಿಲ್ಲ, ಬಂದರೂ ಅದರಲ್ಲಿ ಸಂಸಾರ ನಡೆಯುತ್ತಿರಲಿಲ್ಲ. ಹಾಗಾದರೆ ಊಟ ಎಲ್ಲಿಂದ? ಎದುರಿಗೆ ಬಂದವನ ಜೇಬಿನಿಂದ. ಗುಮಾಸ್ತನಿಗೆ ಮುದ್ರೆಯೇ ಸಂಬಳ, ಪೊಲೀಸನಿಗೆ ರಸ್ತೆಯೇ ಸಂಬಳ, ಸೈನಿಕನಿಗೆ ಬಂದೂಕೇ ಸಂಬಳ. ಕೆಳಗಿನವನು ವಸೂಲು ಮಾಡಿದ್ದರಲ್ಲಿ ಮೇಲಿನವನಿಗೂ ಪಾಲು ಕೊಡಬೇಕು, ಇಲ್ಲದಿದ್ದರೆ ಒಳ್ಳೆಯ ಜಾಗ ಕೈತಪ್ಪುತ್ತದೆ. ಇಂಥ ಕಡೆ ಒಬ್ಬ ಪ್ರಾಮಾಣಿಕನಾಗಿರಲು ಹೊರಟರೆ ಅವನ ಮಕ್ಕಳು ಉಪವಾಸ ಇರಬೇಕು. ಸುಮ್ನೆ ‘ಭ್ರಷ್ಟ ಜನ’ ಅಂದುಬಿಡುವ ಮುಂಚೆ ಇದನ್ನು ಯೋಚಿಸಿ.

ಶಾಲೆಗಳನ್ನೇ ನೋಡಿ. 1990ರ ದಶಕದಲ್ಲಿ ಮೇಷ್ಟರಿಗೆ ಸರ್ಕಾರದ ಸಂಬಳ ನಿಂತುಹೋಯಿತು. ಮಕ್ಕಳ ಅಪ್ಪ ಅಮ್ಮಂದಿರೇ ದುಡ್ಡು ಸೇರಿಸಿ ಮೇಷ್ಟರನ್ನು ಉಳಿಸಿಕೊಂಡರು. ಅದು ಜನರ ದೊಡ್ಡತನ, ನಿಜ. ಆದರೆ ಕೊಡಲು ಇಲ್ಲದವರ ಮಗು ಮನೆಯಲ್ಲೇ ಉಳಿಯಿತು. ಮೊಬುಟು ಹೋದ ಎಷ್ಟೋ ವರ್ಷದ ಮೇಲೆ, 2019ರಲ್ಲಿ, ಪ್ರಾಥಮಿಕ ಶಾಲೆ ಉಚಿತ ಅಂತ ಸರ್ಕಾರ ಜಾರಿಗೆ ತಂದಿತು. ನಡುವೆ ಒಂದು ಇಡೀ ತಲೆಮಾರು ದಾಟಿಹೋಗಿತ್ತು.

ಮೊಬುಟು ಮಾಡಿಟ್ಟ ಗಂಟು ಏನಾಯಿತು ಅಂತಲೂ ಕೇಳುತ್ತೀರೇನೋ. ಕಾಡಿನ ನಡುವಿನ ತನ್ನ ಪೂರ್ವಿಕರ ಊರು ಗ್ಬಡೋಲಿಟೆಯಲ್ಲಿ ಅರಮನೆ ಕಟ್ಟಿಸಿದ್ದ, ಕಾನ್ಕಾರ್ಡ್ ವಿಮಾನ ಇಳಿಯುವಷ್ಟು ಉದ್ದದ ರನ್‌ವೇ ಹಾಕಿಸಿದ್ದ. ಅವನು ನುಂಗಿದ್ದು ಸುಮಾರು 500 ಕೋಟಿ ಡಾಲರ್ ಎಂದು ಭ್ರಷ್ಟಾಚಾರ ವಿರೋಧಿ ಸಂಸ್ಥೆ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಅಂದಾಜು ಮಾಡಿತ್ತು. ಸ್ವಿಟ್ಜರ್ಲೆಂಡಿನಲ್ಲಿ ತಡೆಹಿಡಿದಿದ್ದು 77 ಲಕ್ಷ ಫ್ರಾಂಕ್ ಮಾತ್ರ. 2009ರಲ್ಲಿ ಅದನ್ನೂ ಅವನ ಕುಟುಂಬಕ್ಕೇ ಬಿಟ್ಟುಕೊಟ್ಟರು. ಕಾಂಗೋಗೆ ಏನೂ ಬರಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೇ.

ನಿಮಗೆ ಈಗ ಬೇಕಾದ ಮಾತು ಸ್ವಲ್ಪ. ಕಾಗದಪತ್ರಗಳ ನಕಲು ಯಾವಾಗಲೂ ಜೊತೆಗಿರಲಿ. ಸರ್ಕಾರಿ ಕಟ್ಟಡ, ಪೊಲೀಸರು, ಸೈನಿಕರು ಇದ್ದ ಕಡೆ ಫೋಟೊ ತೆಗೆಯಬೇಡಿ. ದುಡ್ಡು ಕಟ್ಟಿದರೆ ರಸೀದಿ ಕೇಳಿ, ನಗುತ್ತಲೇ ಕೇಳಿ. ಜಗಳಕ್ಕೆ ನಿಂತರೆ ಸಮಯವೂ ಹೋಗುತ್ತದೆ, ದುಡ್ಡೂ ಜಾಸ್ತಿ ಹೋಗುತ್ತದೆ.

ಡಾಲರ್ ನೋಟನ್ನು ಯಾಕೆ ಬೆಳಕಿಗೆ ಹಿಡಿದು ನೋಡುತ್ತಾರೆ ಅಂತ ಬೇಜಾರು ಮಾಡಿಕೊಂಡಿದ್ದೀರಿ. 1992ರ ಕೊನೆ, 1993ರ ಶುರುವಿನ ಹೊತ್ತಿಗೆ ಮೊಬುಟು 50 ಲಕ್ಷ ಜೈರ್‌ನ (ಆಗ ಇಲ್ಲಿ ನಡೆಯುತ್ತಿದ್ದ ಹಣ) ನೋಟು ಹೊರತಂದ. ಸೈನಿಕರಿಗೆ ಅದರಲ್ಲೇ ಸಂಬಳ ಕೊಟ್ಟ. ಅಂಗಡಿಯವರು ಮುಟ್ಟಲಿಲ್ಲ. ಸೈನಿಕರು ಊರನ್ನೇ ಲೂಟಿ ಮಾಡಿದರು, ಗಲಭೆಯಲ್ಲಿ ಫ್ರಾನ್ಸಿನ ರಾಯಭಾರಿಯೂ ಸತ್ತ. ಕಸಾಯಿ ಪ್ರಾಂತ್ಯದವರಂತೂ ಹೊಸ ನೋಟು ಬೇಡ ಎಂದು ಹಳೇ ನೋಟಿನಲ್ಲೇ ವ್ಯವಹಾರ ಮುಂದುವರಿಸಿದರು. ಅಂಥ ಕಾಲ ಕಂಡವರು ನೋಟನ್ನು ಸುಲಭಕ್ಕೆ ನಂಬುತ್ತಾರಾ? ಬ್ಯಾಂಕಿನಲ್ಲಿ ದುಡ್ಡು ತೆಗೆದಾಗ ಒಂದೊಂದು ನೋಟನ್ನೂ ಅಲ್ಲೇ ನೋಡಿಕೊಳ್ಳಿ. ಅಂಚು ಸ್ವಲ್ಪ ಹರಿದಿದ್ದರೂ ಅಲ್ಲೇ ಬದಲಾಯಿಸಿಕೊಳ್ಳಿ, ಹೊರಗೆ ಬಂದ ಮೇಲೆ ಅದು ನಡೆಯುವುದಿಲ್ಲ.