“ಅಪ್ಪನನ್ನು ಯಾಕೆ ಮದುವೆಯಾದೆ?”

ಸಂಪಾದಕರ ಉತ್ತರ

(ಕ್ಯಾಲಿಫೋರ್ನಿಯಾದಿಂದ ಓದುಗರೊಬ್ಬರು ಉದ್ದದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರು ಕನ್ನಡದವರು, ಪತಿ ಬಿಳಿಯ ಅಮೆರಿಕನ್. ಮಗ ಕಾಲೇಜಿನಲ್ಲಿದ್ದಾನೆ. ಬಿಳಿ ಹುಡುಗರು ಅವನನ್ನು ಇಂಡಿಯನ್ ಅನ್ನುತ್ತಾರಂತೆ, ಇಂಡಿಯನ್ ಹುಡುಗರು ಬಿಳಿಯ ಅನ್ನುತ್ತಾರಂತೆ. ಹುಡುಗಿಯರು ತನ್ನನ್ನು ಕಣ್ಣೆತ್ತಿಯೂ ನೋಡುವುದಿಲ್ಲ ಎಂಬ ನೋವು ಬೇರೆ. ಈಚೆಗೆ ಆ ನೋವು ಸಿಟ್ಟಾಗಿದೆ. ಬಿಳಿಯರನ್ನು ಮದುವೆಯಾಗುವ ಏಷ್ಯಾದ ಹೆಣ್ಣುಮಕ್ಕಳು ತಮ್ಮವರಿಗೆ ದ್ರೋಹ ಮಾಡುತ್ತಾರೆ ಎಂದು ವಾದಿಸುತ್ತಾನೆ. ಒಂದು ರಾತ್ರಿ ನೇರವಾಗಿಯೇ ಕೇಳಿದ: “ಅಮ್ಮಾ, ನೀನು ಅಪ್ಪನನ್ನು ಯಾಕೆ ಮದುವೆಯಾದೆ? ಬಿಳಿಯ ಅಂತಾನಾ?” ಇದಕ್ಕೆ ಏನು ಹೇಳಲಿ ಎಂಬುದು ಅವರ ಪ್ರಶ್ನೆ.)

ಆತ್ಮೀಯರೇ,

“ಪ್ರೀತಿ ಕುರುಡು ಕಣೋ, ಬಣ್ಣಗಿಣ್ಣ ನೋಡಲ್ಲ” ಅಂತ ಮಾತ್ರ ಮಗನಿಗೆ ಹೇಳಬೇಡಿ. ಅವನು ನಂಬುವುದಿಲ್ಲ. ನಂಬದಿದ್ದರೆ ತಪ್ಪೂ ಇಲ್ಲ. ಪ್ರೀತಿ ಕಣ್ಣು ಬಿಟ್ಟುಕೊಂಡೇ ನೋಡುತ್ತದೆ. ಯಾರು ಚೆಂದ, ಯಾರು ಗಂಡಸು, ಯಾರು ನಮಗೆ ತಕ್ಕವರು ಅನ್ನುವುದನ್ನೆಲ್ಲ ನಾವು ಹುಟ್ಟುವ ಮೊದಲೇ ಯಾರ್ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಅದರಲ್ಲಿ ಸಿನಿಮಾ ಇದೆ, ನೆಂಟರಿದ್ದಾರೆ. ನೀವಿರುವ ದೇಶದಲ್ಲಿ ಕಾನೂನೂ ಇತ್ತು.

ಆ ಕಾನೂನಿನ ಕಥೆ ಮಗನಿಗೆ ಗೊತ್ತಿರಲಿ. 1875ರ ಪೇಜ್ ಕಾಯ್ದೆಯಿಂದಾಗಿ ಚೀನಾದ ಹೆಂಗಸರು ಅಮೆರಿಕಕ್ಕೆ ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮೊದಲೇ ಬಂದಿದ್ದ ಗಂಡಸರು ಒಂಟಿಯಾಗಿ ಉಳಿದರು. ಗಣಿಯಲ್ಲಿ, ರೈಲು ಹಳಿಯಲ್ಲಿ ಕೆಲಸ ತಪ್ಪಿದ ಮೇಲೆ ಬಟ್ಟೆ ಒಗೆದು, ಅಡುಗೆ ಮಾಡಿ ಹೊಟ್ಟೆ ಹೊರೆದರು. ಅದು ಹೆಂಗಸರ ಕೆಲಸ, ಇವರು ಗಂಡಸರೇ ಅಲ್ಲ ಅನ್ನುವ ಗೇಲಿ ಶುರುವಾಯಿತು. ಅದೇ ಬಾಯಲ್ಲಿ, ಇವರಿಂದ ಬಿಳಿ ಹೆಣ್ಣುಮಕ್ಕಳಿಗೆ ಅಪಾಯ ಅನ್ನುವ ಗುಲ್ಲು. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತದೆ ಅಂತ ಯಾರೂ ಕೇಳಲಿಲ್ಲ.

1930ರ ಜನವರಿಯಲ್ಲಿ, ನಿಮ್ಮ ರಾಜ್ಯದ ವಾಟ್ಸನ್‌ವಿಲ್‌ನಲ್ಲಿ, ಫಿಲಿಪಿನೋ ಕೂಲಿಗಳು ಬಿಳಿ ಹುಡುಗಿಯರ ಜೊತೆ ಡಾನ್ಸ್ ಮಾಡಿದರು ಅನ್ನುವ ಸಿಟ್ಟಿಗೆ ಗುಂಪುಗಳು ದಿನಗಟ್ಟಲೆ ದಾಳಿ ಮಾಡಿದವು. ಫರ್ಮಿನ್ ತೊಬೇರಾ ಅನ್ನುವ 22 ವರ್ಷದ ಹುಡುಗ ಗುಂಡೇಟಿಗೆ ಸತ್ತ. ಬಿಳಿ ಹೆಣ್ಣನ್ನು ಮದುವೆಯಾಗಲು ರಾಜ್ಯದ ಕಾನೂನು ಅಡ್ಡ ಬಂದಾಗ ಫಿಲಿಪಿನೋ ಒಬ್ಬ ಮದುವೆಯ ಹಕ್ಕಿಗಾಗಿ ಕೋರ್ಟಿಗೆ ಹೋದ. ಕಾನೂನು ತಡೆದಿರುವುದು ‘ಮಂಗೋಲಿಯನ್’ ಜನರನ್ನು, ಫಿಲಿಪಿನೋಗಳು ‘ಮಲಯ’ ಜನ, ಹಾಗಾಗಿ ಮದುವೆಯಾಗಬಹುದು ಎಂದು 1933ರಲ್ಲಿ ಕೋರ್ಟ್ ಹೇಳಿತು. ಶಾಸನಸಭೆ ಅದೇ ವರ್ಷ ಪಟ್ಟಿಗೆ ‘ಮಲಯ’ವನ್ನೂ ಸೇರಿಸಿಬಿಟ್ಟಿತು! ಕ್ಯಾಲಿಫೋರ್ನಿಯಾದಲ್ಲಿ ಈ ಕಾನೂನು ಬಿದ್ದದ್ದು 1948ರಲ್ಲಿ. ಇಡೀ ದೇಶದಲ್ಲಿ ಇಂಥ ಕಾನೂನು ಹೋಗಲು 1967ರವರೆಗೆ ಕಾಯಬೇಕಾಯಿತು.

ಹೆಂಗಸರ ಕಥೆ ಇನ್ನೊಂದು ದಾರಿ ಹಿಡಿಯಿತು. ಎರಡನೇ ಮಹಾಯುದ್ಧದ ನಂತರ ಅಮೆರಿಕದ ಸೈನಿಕರು ಜಪಾನ್, ಕೊರಿಯಾಗಳಿಂದ ಹೆಂಡತಿಯರನ್ನು ಕರೆತಂದರು. ಏಷ್ಯಾದ ಹೆಣ್ಣು ಅಂದರೆ ತಗ್ಗಿಬಗ್ಗಿ ನಡೆಯುವವಳು, ಗಂಡನ ಮಾತು ಮೀರದವಳು ಅನ್ನುವ ಚಿತ್ರ ಗಟ್ಟಿಯಾಯಿತು. ಗಂಡಿಗೆ ಒಂದು ಅವಮಾನ, ಹೆಣ್ಣಿಗೆ ಇನ್ನೊಂದು. ಹೆಣ್ಣಿಗೆ ಆದದ್ದು ಹೊಗಳಿಕೆಯ ವೇಷದಲ್ಲಿ ಬಂತು, ಅಷ್ಟೇ ವ್ಯತ್ಯಾಸ.

ಇದರ ನೆರಳು ಈಗಲೂ ಇದೆ. ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ 2015ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಮದುವೆಯಾದ ಏಷ್ಯಾ ಮೂಲದ ಹೆಂಗಸರಲ್ಲಿ 36% ಬೇರೆ ಜನಾಂಗದವರನ್ನು ಮದುವೆಯಾಗಿದ್ದರು. ಗಂಡಸರಲ್ಲಿ 21%. ಈ ಅಂತರಕ್ಕೆ ಕಾರಣ ಒಂದೇ ಅಲ್ಲ. ಆದರೂ ನಿಮ್ಮ ಮಗ ಇಲ್ಲದ್ದನ್ನು ಕಲ್ಪಿಸಿಕೊಂಡು ಕೊರಗುತ್ತಿಲ್ಲ. ಅಷ್ಟನ್ನು ಅವನಿಗೆ ಒಪ್ಪಿಕೊಂಡೇ ಮಾತು ಶುರುಮಾಡಿ.

ಆದರೆ ‘ದ್ರೋಹ’ ಅಂದನಲ್ಲ, ಅಲ್ಲಿ ನಾನು ಅವನ ಜೊತೆ ಜಗಳಕ್ಕೆ ನಿಲ್ಲುತ್ತೇನೆ.

1907ರ ಕಾಯ್ದೆಯೊಂದರ ಪ್ರಕಾರ ವಿದೇಶಿಯನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವ ಕಳೆದುಕೊಳ್ಳುತ್ತಿದ್ದಳು. 1922ರಲ್ಲಿ ಕೇಬಲ್ ಕಾಯ್ದೆ ಬಂದು ಇದನ್ನು ಸಡಿಲ ಮಾಡಿತು. ಆದರೆ ಪೌರತ್ವಕ್ಕೆ ಅರ್ಹನಲ್ಲದವನನ್ನು ಕಟ್ಟಿಕೊಂಡವಳಿಗೆ ಆ ರಿಯಾಯಿತಿ ಇರಲಿಲ್ಲ. ಅರ್ಹರಲ್ಲದವರು ಅಂದರೆ ಏಷ್ಯಾದವರು. ಮರುವರ್ಷವೇ, ಪಂಜಾಬಿನಿಂದ ವಲಸೆ ಹೋಗಿದ್ದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರನ್ನೂ ಆ ಸಾಲಿಗೆ ಸೇರಿಸಿತು. ಕ್ರಾಂತಿಕಾರಿ ತಾರಕನಾಥ ದಾಸ್ ಅವರ ಅಮೆರಿಕನ್ ಪತ್ನಿ ಮೇರಿಯವರ ಪೌರತ್ವಕ್ಕೇ ಕುತ್ತು ಬಂದದ್ದು ಹೀಗೆ. 1931ರವರೆಗೆ ಈ ನಿಯಮ ಇತ್ತು.

ಆ ಕಾನೂನು ಬರೆದವರ ತಲೆಯಲ್ಲಿ ಇದ್ದದ್ದು ಏನು? ಹೆಣ್ಣು ತನ್ನ ಗುಂಪಿನ ಸ್ವತ್ತು, ಹೊರಗೆ ಹೋದರೆ ಶಿಕ್ಷೆ ಕೊಡಬೇಕು ಅನ್ನುವುದು ತಾನೇ? ನಿಮ್ಮ ಮಗ ಹೇಳುತ್ತಿರುವುದೂ ಅದನ್ನೇ. ಬೇಲಿಯ ಈ ಕಡೆ ನಿಂತು ಹೇಳುತ್ತಿದ್ದಾನೆ, ಅಷ್ಟೇ. ಅವನ ಅಜ್ಜಂದಿರನ್ನು ಮನುಷ್ಯರಂತೆ ಕಾಣದ ಜನರ ವಾದವನ್ನು ಅವನು ಯಾಕೆ ಹೊತ್ತು ತಿರುಗಬೇಕು? ನಮ್ಮ ಇಷ್ಟಗಳ ಹಿಂದೆ ಚರಿತ್ರೆ ಇದೆ ಅಂದಮಾತ್ರಕ್ಕೆ ಯಾರೋ ಒಬ್ಬಳು ಅವನಿಗೆ ಪ್ರೀತಿ ಬಾಕಿ ಇಟ್ಟುಕೊಂಡಿದ್ದಾಳೆ ಅಂತ ಆಗುವುದಿಲ್ಲ. ಇದನ್ನು ಮೆತ್ತಗೆ ಹೇಳಬೇಡಿ. ಗಟ್ಟಿಯಾಗಿಯೇ ಹೇಳಿ. ಅಪ್ಪನೂ ಪಕ್ಕದಲ್ಲಿ ಕೂತಿದ್ದರೆ ಒಳ್ಳೆಯದು.

ಇನ್ನು ನಿಮ್ಮ ವಿಷಯ. ಪತ್ರದಲ್ಲಿ ಒಂದು ಸಾಲು ಇದೆ, ನೀವು ಸುಮ್ನೆ ಬರೆದುಕೊಂಡು ಹೋಗಿದ್ದೀರಿ. ಮಗು ಹುಟ್ಟಿದಾಗ ದೊಡ್ಡಮ್ಮ, ಚಿಕ್ಕಮ್ಮಂದಿರೆಲ್ಲ “ಅಪ್ಪನ ಬಣ್ಣವೇ ಬಂದಿದೆ, ಪುಣ್ಯ” ಅಂದರಂತೆ. ನನಗೆ ಇಡೀ ಪತ್ರದಲ್ಲಿ ಜಾಸ್ತಿ ಚುಚ್ಚಿದ್ದು ಆ ‘ಪುಣ್ಯ’. ಈ ಮಾತನ್ನು ಅವನು ಎಷ್ಟು ವರ್ಷ ಕೇಳಿಸಿಕೊಂಡಿರಬಹುದು! ಪ್ರತಿಸಲ ಅವನನ್ನು ಹೊಗಳಿದಾಗಲೂ ಅವನ ಅಮ್ಮನನ್ನು ಒಂದು ಮೆಟ್ಟಿಲು ಕೆಳಗೆ ಇಟ್ಟ ಹಾಗಾಯಿತು, ಅಲ್ವಾ? ಬಿಳಿಯನ ಕಡೆಯದೇ ಮೇಲು ಅನ್ನುವ ಪಾಠ ಅವನಿಗೆ ಹೊರಗಿನವರು ಮಾತ್ರ ಹೇಳಿಕೊಟ್ಟದ್ದಲ್ಲ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಆಂಡ್ ಲವ್ಲಿ ತನ್ನ ಹೆಸರಿನಿಂದ ‘ಫೇರ್’ ತೆಗೆದದ್ದು 2020ರಲ್ಲಿ. ಶಾದಿ ಡಾಟ್ ಕಾಮ್ ಮೈಬಣ್ಣ ಆರಿಸುವ ಸೌಲಭ್ಯವನ್ನು ಕೈಬಿಟ್ಟದ್ದೂ ಅದೇ ವರ್ಷ, ಜನ ಗಲಾಟೆ ಮಾಡಿದ ಮೇಲೆ.

ಮಗುವಿನ ಅಪ್ಪ ಕಪ್ಪು ಅಮೆರಿಕನ್ ಆಗಿದ್ದರೆ ಅದೇ ದೊಡ್ಡಮ್ಮ ಏನು ಅನ್ನುತ್ತಿದ್ದರು? ಇದು ನಮ್ಮ ಮನೆಯ ರೋಗ ಮಾತ್ರವೂ ಅಲ್ಲ. ಥಾಯ್ಲೆಂಡಿನ ತೆರೆಯ ಮೇಲೆ ಅರ್ಧ ಯುರೋಪಿನ ಮುಖಗಳಿಗೆ ಬಹಳ ವರ್ಷದಿಂದ ಬೇಡಿಕೆ. ಜಪಾನಿನಲ್ಲಿ 2015ರಲ್ಲಿ ಅರಿಯಾನಾ ಮಿಯಾಮೋಟೊ ಮಿಸ್ ಯೂನಿವರ್ಸ್ ಜಪಾನ್ ಆದಾಗ ಮಾತ್ರ, ಇವಳು ಅಷ್ಟೇನೂ ಜಪಾನಿ ಅಲ್ಲ ಅನ್ನುವ ಗೊಣಗಾಟ ಎದ್ದಿತು. ಆಕೆಯ ತಂದೆ ಕಪ್ಪು ಅಮೆರಿಕನ್. ದಕ್ಷಿಣ ಕೊರಿಯಾದ್ದು ಇನ್ನೂ ಸೋಜಿಗ. ಕೊರಿಯಾದ ತಾಯಿ, ಕಪ್ಪು ತಂದೆಯ ಮಗ ಹೈನ್ಸ್ ವಾರ್ಡ್ 2006ರಲ್ಲಿ ಸೂಪರ್ ಬೌಲ್‌ನ (ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯ) ಶ್ರೇಷ್ಠ ಆಟಗಾರನಾಗಿ ಸೋಲ್‌ಗೆ ಬಂದಿಳಿದಾಗ ಇಡೀ ದೇಶ ಅವನನ್ನು ತನ್ನವನೆಂದು ಹೊತ್ತು ಮೆರೆಸಿತು. ಅಂಥವೇ ಮಕ್ಕಳು ಅಲ್ಲಿನ ಶಾಲೆಗಳಲ್ಲಿ ಹಂಗಿಸಿಕೊಂಡು ಬೆಳೆಯುತ್ತಿದ್ದರು. ಗೆದ್ದವನಾದರೆ ಎಲ್ಲರಿಗೂ ನೆಂಟ.

ಹಾಗಾದರೆ ಮಗನ ಪ್ರಶ್ನೆಗೆ ಉತ್ತರ? ಅದು ನಿಮಗೇ ಗೊತ್ತು. ಮೊದಲ ಭೇಟಿಯಲ್ಲಿ ಆ ಬಣ್ಣ, ಆ ಮಾತಿನ ಧಾಟಿ, ಅವರ ಜೊತೆಗೆ ಸಿಗಬಹುದಾದ ಗೌರವ ಒಂದು ಚೂರಾದರೂ ಲೆಕ್ಕಕ್ಕೆ ಬಂದಿತ್ತೇ? ಬಂದಿದ್ದರೆ ಹೌದು ಅನ್ನಿ. ಬಂದಿರದಿದ್ದರೆ ಇಲ್ಲ ಅನ್ನಿ. ಹೌದು ಅಂದರೆ ಸಂಸಾರವೇ ಸುಳ್ಳಾಗುತ್ತದೆ ಅಂತ ಹೆದರಬೇಕಿಲ್ಲ. ಜಾತಿ, ಜಾತಕ, ಸಂಬಳ ನೋಡಿ ಮಾಡಿದ ಮದುವೆಗಳಲ್ಲೂ ಜನ ಆಮೇಲೆ ಒಬ್ಬರನ್ನೊಬ್ಬರು ಪ್ರೀತಿಸಿದ್ದಾರೆ. ಆ ರಾತ್ರಿ ಆಸ್ಪತ್ರೆಯಲ್ಲಿ ಅವರು ನಿಮ್ಮ ಅಮ್ಮನನ್ನು ನೋಡಿಕೊಂಡದ್ದನ್ನು ಬರೆದಿದ್ದೀರಲ್ಲ, ಅದನ್ನೂ ಹೇಳಿ. ಎರಡನ್ನೂ ಕೇಳುವ ವಯಸ್ಸು ಅವನಿಗೆ ಆಗಿದೆ.

“ನಾನು ಯಾರು” ಅನ್ನುವುದು ಅವನ ಇನ್ನೊಂದು ಪ್ರಶ್ನೆ. ಅವನಿಗೆ ಇಂಪೀರಿಯಲ್ ಕಣಿವೆಗೆ ಒಮ್ಮೆ ಹೋಗಿಬರಲು ಹೇಳಿ, ನಿಮ್ಮ ರಾಜ್ಯದಲ್ಲೇ ಇದೆ. ನೂರು ವರ್ಷದ ಹಿಂದೆ ಅಲ್ಲಿ ಹತ್ತಿ ಬೆಳೆಯಲು ಬಂದ ಪಂಜಾಬಿ ಗಂಡಸರಿಗೆ ಊರಿನಿಂದ ಹೆಣ್ಣು ತರುವ ದಾರಿ ಇರಲಿಲ್ಲ, ಬಿಳಿ ಹೆಣ್ಣನ್ನು ಮದುವೆಯಾಗುವಂತಿರಲಿಲ್ಲ. ನೂರಾರು ಮಂದಿ ಮೆಕ್ಸಿಕೋ ಮೂಲದ ಹೆಂಗಸರನ್ನು ಮದುವೆಯಾದರು. ಕಚೇರಿಯ ಗುಮಾಸ್ತ ಇಬ್ಬರ ಬಣ್ಣವನ್ನೂ ‘ಕಂದು’ ಅಂತ ಬರೆದುಕೊಂಡರೆ ಕೆಲಸ ಆಯಿತು. ಅಪ್ಪಂದಿರು ಹೆಚ್ಚಿನವರು ಸಿಖ್ಖರು, ಅಮ್ಮಂದಿರು ಕ್ಯಾಥೊಲಿಕ್ಕರು. ಮಕ್ಕಳು ಸ್ಪ್ಯಾನಿಷ್ ಮಾತಾಡಿಕೊಂಡು, ಚರ್ಚಿಗೆ ಹೋಗಿಕೊಂಡು, ತಮ್ಮನ್ನು ‘ಹಿಂದೂ’ ಅಂತ ಹೆಮ್ಮೆಯಿಂದ ಕರೆದುಕೊಂಡರು. ಆಗ ಅಲ್ಲಿ ಭಾರತದವರೆಲ್ಲರಿಗೂ ಅದೇ ಹೆಸರು.

ಇವರನ್ನು ನೀವು ನಮ್ಮವರಲ್ಲ ಅಂದವರು ಯಾರು ಗೊತ್ತೇ? 1965ರಲ್ಲಿ ವಲಸೆ ಕಾನೂನು ಬದಲಾದ ಮೇಲೆ ಭಾರತದಿಂದ ಬಂದ ಹೊಸಬರು. ಅದಕ್ಕೂ ಎಷ್ಟೋ ಮೊದಲು ಅಲ್ಲಿ ಬೇರು ಬಿಟ್ಟವರಿಗೆ, ನೀವು ಸರಿಯಾದ ಭಾರತೀಯರಲ್ಲ ಅಂತ ನಿನ್ನೆ ಮೊನ್ನೆ ವಿಮಾನ ಇಳಿದವರು ಹೇಳಿದರು. ನಿಮ್ಮ ಮಗನಿಗೆ ಕಾಲೇಜಿನಲ್ಲಿ ಆಗುತ್ತಿರುವುದು ಇದೇ.

ಸರ್ಕಾರಗಳ ಲೆಕ್ಕವೂ ಇಷ್ಟೇ ವಿಚಿತ್ರ. ನಮ್ಮ ಸಂವಿಧಾನದ 366ನೇ ವಿಧಿ ಆಂಗ್ಲೋ ಇಂಡಿಯನ್ ಯಾರು ಅಂತ ಹೇಳುವಾಗ ಯುರೋಪಿನ ಮೂಲವನ್ನು ಅಪ್ಪ ಮತ್ತು ಅಪ್ಪನ ಕಡೆಯ ಗಂಡು ಪೂರ್ವಜರಲ್ಲಿ ಮಾತ್ರ ನೋಡುತ್ತದೆ. ಸಿಂಗಪುರದಲ್ಲಿ 2011ರಿಂದ ಮಗುವಿಗೆ ಎರಡೂ ಜನಾಂಗ ಬರೆಸಬಹುದು, ಆದರೆ ಸರ್ಕಾರಿ ವಸತಿಯ ಕೋಟಾಗೆ ಮೊದಲು ಬರೆದದ್ದೇ ಲೆಕ್ಕ. ಅಮೆರಿಕದ ಜನಗಣತಿಯಲ್ಲಿ ಒಂದಕ್ಕಿಂತ ಹೆಚ್ಚು ಜನಾಂಗಕ್ಕೆ ಗುರುತು ಹಾಕಲು ಬಿಟ್ಟದ್ದು 2000ದಲ್ಲಿ. ನಿಮ್ಮ ಮಗ ಎರಡಕ್ಕೂ ಹಾಕಬಹುದು. ಒಂದಕ್ಕೇ ಹಾಕಿದರೂ ಮನೆಯಲ್ಲಿ ಯಾರೂ ಮುಖ ಸಣ್ಣ ಮಾಡಿಕೊಳ್ಳಬಾರದು. ನೀವು ಕೂಡ.

ದೊಡ್ಡಮ್ಮನಿಗೆ ಒಂದು ಫೋನ್ ಮಾಡಿ. ಅವನ ಮುಂದೆ ಬಣ್ಣದ ಮಾತು ಬೇಡ ಅಂತ ನೀವೇ ಹೇಳಬೇಕು, ಅವನ ಕೈಲಿ ಹೇಳಿಸಬೇಡಿ. ಹುಡುಗ ಊಟ, ನಿದ್ದೆ ಬಿಟ್ಟು ರೂಮಿನಲ್ಲೇ ಕೂರುವಂತಾದರೆ ಕಾಲೇಜಿನ ಕೌನ್ಸೆಲರ್ ಹತ್ತಿರ ಕಳಿಸಿ. ಮಿಶ್ರ ಕುಟುಂಬದ ಮಕ್ಕಳ ಜೊತೆ ಕೆಲಸ ಮಾಡಿದವರು ಇದ್ದಾರಾ ಅಂತ ಮೊದಲೇ ವಿಚಾರಿಸಿಕೊಳ್ಳಿ.