ನೀರು, ಗೊಬ್ಬರ ಎಲ್ಲಾ ಇದ್ದೂ ಭತ್ತದ ಗದ್ದೆ ಅಲ್ಲಲ್ಲಿ ದುಂಡಗೆ ಒಣಗುತ್ತಿದೆ, ಯಾವ ಪವರ್‌ಫುಲ್ ಔಷಧ ಹೊಡೆಯಲಿ?

ನೀರು, ಗೊಬ್ಬರ ಎಲ್ಲಾ ಇದ್ದೂ ದುಂಡಗೆ ಒಣಗುತ್ತಿದೆ ಅಂದ್ರಲ್ಲ, ನನ್ನ ಗದ್ದೆಯಲ್ಲೂ ಹೀಗೇ ಶುರುವಾಗಿದ್ದು. ಔಷಧದ ಮಾತು ಆಮೇಲೆ. ಮೊದಲು ಗದ್ದೆಗೆ ಇಳಿಯಿರಿ. ಒಣಗಿದ ಜಾಗ ಬಿಡಿ, ಅದರ ಅಂಚಿನ ಹಸಿರು ಪೈರಿನ ಬುಡ ಬಿಡಿಸಿ ಕೈಯಲ್ಲಿ ತಟ್ಟಿ. ಎಳ್ಳಿನಷ್ಟು ಕಂದು ಹುಳುಗಳು ನೀರಿಗೆ ಉದುರಿ, ಅಲ್ಲಿಂದಲೇ ಪುಟಪುಟ ಜಿಗಿದು ಮತ್ತೆ ಬುಡ ಹತ್ತಿದರೆ ಅದು ಕಂದು ಜಿಗಿಹುಳು. ಬುಡ ಅಂಟಂಟಾಗಿ ಕಪ್ಪು ಬೂಷ್ಟು ಹಿಡಿದಿದ್ದರೆ ಅನುಮಾನವೇ ಬೇಡ, ರಸ ಹೀರೋದು ಅದೇ.

ನಾನು ಬದುವಿನ ಮೇಲೆ ನಿಂತೇ ನೋಡಿದೆ. ಎಲೆ ಹಳದಿಯಾಗಿತ್ತು, ಯೂರಿಯಾ ಎರಚಿದೆ. ಪೈರು ಮೆತ್ತಗೆ ಸೊಂಪಾಗಿ ಹುಳು ಇನ್ನೂ ಜಾಸ್ತಿಯಾಯಿತು. ಅಷ್ಟಕ್ಕೇ ನಿಲ್ಲಿಸಿದ್ದರೆ ಅರ್ಧ ಬೆಳೆಯಾದರೂ ಸಿಗುತ್ತಿತ್ತೇನೋ. ಪೈರೆಥ್ರಾಯ್ಡ್ ಗುಂಪಿನ ಡೆಲ್ಟಾಮೆಥ್ರಿನ್ ಅನ್ನೋ ಕೀಟನಾಶಕ ತಂದು ಮೇಲಿಂದ ಹೊಡೆದೆ ನೋಡಿ, ಅದೇ ಮುಳುಗಿಸಿದ್ದು. ಸತ್ತಿದ್ದು ಯಾರು? ಜೇಡಗಳು, ಮತ್ತೆ ಜಿಗಿಹುಳುವಿನ ಮೊಟ್ಟೆ ಹೀರುವ ಹಸಿರು ಮಿರಿಡ್ ತಿಗಣೆಗಳು. ಜಿಗಿಹುಳು ಕೂತಿರೋದು ಬುಡದಲ್ಲಿ, ಔಷಧ ಅಲ್ಲಿಗೆ ಇಳಿಯಲೇ ಇಲ್ಲ. ಮೊಟ್ಟೆಗಳನ್ನಂತೂ ಹುಳು ಎಲೆಯ ಬುಡದ ಒರೆಯೊಳಗೆ ಚುಚ್ಚಿ ಇಟ್ಟಿರುತ್ತದೆ, ಅವಕ್ಕೆ ಏನೂ ಆಗಲ್ಲ. ವಾರ ಹತ್ತು ದಿನದಲ್ಲಿ ಮರಿಗಳು ಹೊರಬಂದಾಗ ಅವನ್ನು ತಿನ್ನುವವರೇ ಗದ್ದೆಯಲ್ಲಿ ಇರಲಿಲ್ಲ. ಇದೇ ಪೈರೆಥ್ರಾಯ್ಡ್ ಗುಂಪಿನ ಔಷಧ ಹೊಡೆದರೆ ಈ ಹುಳು ಮೊದಲಿಗಿಂತ ಜಾಸ್ತಿ ಏಳುತ್ತದೆ ಅಂತ ಭತ್ತದ ವಿಜ್ಞಾನಿಗಳು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದಾರೆ, ನಾನು ಓದಿದ್ದು ಗದ್ದೆ ಪೂರ್ತಿ ಸುಟ್ಟಂತಾದ ಮೇಲೆ.

ಅದಕ್ಕೇ ಪವರ್‌ಫುಲ್ ಯಾವುದು ಅಂತ ಕೇಳಲೇಬೇಡಿ. ನೀರು ಬಸಿದು ಮೂರ್ನಾಲ್ಕು ದಿನ ಒಣ ಬಿಡಿ, ಯೂರಿಯಾ ಮುಟ್ಟಬೇಡಿ. ಬುಡಕ್ಕೆ ಹತ್ತರೊಳಗೆ ಹುಳು ಇದ್ದು ಜೇಡಗಳೂ ಓಡಾಡುತ್ತಿದ್ದರೆ ಸುಮ್ನೆ ಇರಿ, ಆದರೆ ದಿನಾ ನೋಡಿ. ಮೀರಿದರೆ ಮಾತ್ರ ಪೈಮೆಟ್ರೋಜಿನ್ ಅಥವಾ ಡೈನೋಟೆಫ್ಯುರಾನ್, ಲೇಬಲ್‌ನಲ್ಲಿ ಬರೆದಷ್ಟೇ, ನಾಜಲ್ ಬುಡದ ಕಡೆ ತಿರುಗಿಸಿ. ಇಮಿಡಾಕ್ಲೋಪ್ರಿಡ್ ಅನ್ನೋ ಔಷಧಕ್ಕೆ ಈ ಹುಳು ಎಷ್ಟೋ ಕಡೆ ಬಗ್ಗಲ್ಲ. ಒಣಗಿದ ಜಾಗ ಮತ್ತೆ ಹಸಿರಾಗಲ್ಲ, ಅದರ ಆಸೆ ಬಿಡಿ, ಸುತ್ತಲಿನ ಪೈರು ಉಳಿಸಿಕೊಳ್ಳಿ.

ಮುಂದಿನ ನಾಟಿಯಲ್ಲಿ 2 ಮೀಟರಿಗೊಂದು ಕಡೆ 30 ಸೆಂ.ಮೀ. ದಾರಿ ಬಿಡಿ. ಜಾಗ ದಂಡ ಅನ್ನಬೇಡಿ. ಗಾಳಿ ಬೆಳಕು ಬುಡಕ್ಕೆ ಇಳಿಯುತ್ತದೆ, ಔಷಧ ಹೊಡೆಯಬೇಕಾದರೆ ಪೈರು ತುಳಿಯದೆ ಅದರಲ್ಲೇ ಓಡಾಡಬಹುದು.