ಓದುಗರ ಪ್ರಶ್ನೆ: ಮತಯಂತ್ರದ ಮೇಲೆ ಕಣ್ಣಿಡುವುದು ಹೇಗೆ?

ಮೊಬೈಲ್‌ನಲ್ಲೇ ಇವಿಎಂ ಹ್ಯಾಕ್ ಮಾಡಬಹುದು ಅಂತ ನಮ್ಮ ಹಾಸ್ಟೆಲ್ ಗ್ರೂಪಿನಲ್ಲಿ ಒಂದು ವಿಡಿಯೊ ಓಡಾಡ್ತಾ ಇದೆ. ಹೌದಾ ಮಾರಾಯ್ರೆ? (ವಿದ್ಯಾರ್ಥಿ, ಮಣಿಪಾಲ)

ಆ ವಿಡಿಯೊವನ್ನು ಮುಂದೆ ಕಳಿಸಬೇಡಿ. ನಮ್ಮ ಮತಯಂತ್ರಕ್ಕೆ ವೈಫೈ ಇಲ್ಲ, ಬ್ಲೂಟೂತ್ ಇಲ್ಲ, ಸಿಮ್ ಇಲ್ಲ. ಬ್ಯಾಟರಿಯಲ್ಲೇ ಓಡುತ್ತದೆ. ಬೂತಿನ ಹೊರಗೆ ಕಾರಲ್ಲಿ ಕೂತು ಯಾರೂ ಮತ ಬದಲಿಸಲು ಆಗುವುದಿಲ್ಲ.

ಹಾಗಂತ ಹೊರಗಿನದು ಏನೂ ಒಳಗೆ ಹೋಗುವುದೇ ಇಲ್ಲ ಅನ್ನುವುದೂ ಪೂರ್ತಿ ಸರಿಯಲ್ಲ. ಅಭ್ಯರ್ಥಿಗಳ ಹೆಸರು, ಚಿಹ್ನೆಯನ್ನು ಮತದಾನಕ್ಕೆ ಕೆಲವು ದಿನ ಮೊದಲು, ಹಾಕಿದ ಮತವನ್ನು ಚೀಟಿಯಲ್ಲಿ ಮುದ್ರಿಸಿ ತೋರಿಸುವ ಯಂತ್ರವಾದ ವಿವಿಪ್ಯಾಟ್‌ಗೆ ಒಂದು ಚಿಕ್ಕ ಸಾಧನದಿಂದ ತುಂಬಿಸುತ್ತಾರೆ. ಅದಕ್ಕೆ ಸಿಂಬಲ್ ಲೋಡಿಂಗ್ ಯುನಿಟ್ ಅಂತ ಹೆಸರು. ಅನುಮಾನ ಪಡುವುದಾದರೆ ಅಲ್ಲಿ ಪಡಿ, ಅದರಲ್ಲಿ ಅರ್ಥವಿದೆ. 2024ರ ಏಪ್ರಿಲ್ 26, ಅಂದರೆ ಮಂಗಳೂರು ಮತ್ತು ಉಡುಪಿಯಲ್ಲಿ ನಾವೆಲ್ಲ ಕ್ಯೂನಲ್ಲಿ ನಿಂತಿದ್ದ ದಿನವೇ, ಸುಪ್ರೀಂ ಕೋರ್ಟ್ ಈ ಬಗ್ಗೆ ತೀರ್ಪು ಕೊಟ್ಟಿತು. ಬ್ಯಾಲೆಟ್ ಪೇಪರ್‌ಗೆ ವಾಪಸ್ ಹೋಗುವ ಬೇಡಿಕೆಯನ್ನು ಒಪ್ಪಲಿಲ್ಲ. ಆದರೆ ಆ ಸಾಧನವನ್ನು ಸೀಲ್ ಮಾಡಿ ಫಲಿತಾಂಶದ ನಂತರ 45 ದಿನ ಸ್ಟ್ರಾಂಗ್ ರೂಂನಲ್ಲಿ ಇಡಬೇಕು ಎಂದಿತು. ಎರಡನೇ, ಮೂರನೇ ಸ್ಥಾನಕ್ಕೆ ಬಂದವರು ಏಳು ದಿನದೊಳಗೆ ಕೇಳಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇ 5ರಷ್ಟು ಯಂತ್ರಗಳನ್ನು, ಅವನ್ನು ತಯಾರಿಸಿದ ಕಂಪನಿಯ ಎಂಜಿನಿಯರ್‌ಗಳಿಂದ ಪರೀಕ್ಷೆ ಮಾಡಿಸಬಹುದು. ಖರ್ಚು ಕೇಳಿದವರದ್ದು, ತಿದ್ದಿದ್ದು ಸಿಕ್ಕರೆ ದುಡ್ಡು ವಾಪಸ್.

ಈ ಸಲ ನಮ್ಮ ಪಕ್ಷದವರು ನನ್ನನ್ನು ಬೂತ್ ಏಜೆಂಟ್ ಮಾಡ್ತೇವೆ ಅಂದಿದ್ದಾರೆ. ಏನು ಮಾಡಬೇಕು ಅಂತ ಕೇಳಿದ್ರೆ "ಸುಮ್ನೆ ಕೂತ್ಕೊಳ್ಳಿ, ಲಿಸ್ಟಿನಲ್ಲಿ ಟಿಕ್ ಹಾಕಿ" ಅಂತಾರೆ. ಅಷ್ಟೇನಾ ಸರ್? (ಓದುಗರು, ಬಂಟ್ವಾಳ)

ಅಲ್ಲ, ಖಂಡಿತ ಅಷ್ಟೇ ಅಲ್ಲ. ಟಿವಿಯಲ್ಲಿ ದೊಡ್ಡ ದೊಡ್ಡ ನಾಯಕರು ಇವಿಎಂ ಬಗ್ಗೆ ಎಷ್ಟೇ ಕೂಗಾಡಲಿ, ನಿಜವಾದ ಕಾವಲು ಇರುವುದು ನೀವು ಕೂರುವ ಆ ಬೆಂಚಿನ ಮೇಲೆ.

ಏಳಕ್ಕೆ ಮತದಾನ ಅಂದ್ರೆ, ಯಂತ್ರ ಸರಿ ಇದೆಯಾ ಅಂತ ನೋಡುವ ಅಣಕು ಮತದಾನ ಬೆಳಿಗ್ಗೆ ಐದೂವರೆಗೇ ಶುರು. ತಡ ಮಾಡಬೇಡಿ, ನಿಮಗಾಗಿ ಜಾಸ್ತಿ ಹೊತ್ತು ಕಾಯುವುದಿಲ್ಲ. ಕನಿಷ್ಠ 50 ಮತ ಹಾಕಬೇಕು, ನೋಟಾ ಸೇರಿ ಎಲ್ಲ ಗುಂಡಿಯನ್ನೂ ಒತ್ತಿ ನೋಡಬೇಕು. ಯಾರಿಗೆ ಎಷ್ಟು ಬಿತ್ತು ಅಂತ ನೀವೇ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಆ ಲೆಕ್ಕ, ಮತ ದಾಖಲಾಗುವ ಕಂಟ್ರೋಲ್ ಯುನಿಟ್ ತೋರಿಸುವ ಲೆಕ್ಕ, ವಿವಿಪ್ಯಾಟ್ ಡಬ್ಬಿಯಲ್ಲಿ ಬಿದ್ದ ಚೀಟಿಗಳ ಲೆಕ್ಕ, ಮೂರೂ ತಾಳೆಯಾಗಬೇಕು. ಆಮೇಲಿನದ್ದು ಇನ್ನೂ ಮುಖ್ಯ. ಕ್ಲಿಯರ್ ಗುಂಡಿ ಒತ್ತಿ, ಒಟ್ಟು ಮತ ಸೊನ್ನೆ ಅಂತ ನಿಮ್ಮ ಕಣ್ಣೆದುರೇ ತೋರಿಸಬೇಕು. ಅಣಕು ಚೀಟಿಗಳನ್ನು ಡಬ್ಬಿಯಿಂದ ತೆಗೆದು ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಬೇಕು. ನಿದ್ದೆಗಣ್ಣಿನ ಗಡಿಬಿಡಿಯಲ್ಲಿ ಇದು ಬಿಟ್ಟುಹೋದರೆ ಎಣಿಕೆ ದಿನ ಲೆಕ್ಕ ತಪ್ಪುತ್ತದೆ, ಮೋಸವೇ ಆಗದಿದ್ದರೂ ಮೋಸ ಆದ ಹಾಗೆ ಕಾಣುತ್ತದೆ.

ಸಂಜೆ ಮನೆಗೆ ಹೊರಡುವ ಆತುರ ಬೇಡ. ಕೊನೆಯ ಮತದಾರ ಹೋದ ಮೇಲೆ ಅಧಿಕಾರಿ ಕ್ಲೋಸ್ ಗುಂಡಿ ಒತ್ತುತ್ತಾರೆ, ಅಲ್ಲಿಂದ ಮುಂದೆ ಆ ಯಂತ್ರ ಒಂದು ಮತವನ್ನೂ ತಗೊಳ್ಳುವುದಿಲ್ಲ. ಪರದೆಯ ಮೇಲೆ ಒಟ್ಟು ಮತ ಬರುತ್ತದೆ. ಅದನ್ನು ಬರೆದುಕೊಳ್ಳಿ. ಮತದಾರರಿಂದ ಸಹಿ ಹಾಕಿಸಿದ 17ಎ ರಿಜಿಸ್ಟರಿನ ಜೊತೆ ಹೊಂದುತ್ತದಾ ಅಂತ ಕೇಳಿ. ನಂತರ 17ಸಿ ಫಾರಂ ತುಂಬುತ್ತಾರೆ. ಎಷ್ಟು ಮತ ಬಿತ್ತು, ಯಂತ್ರದ ನಂಬರ್ ಏನು, ಹಸಿರು ಪೇಪರ್ ಸೀಲಿನ ನಂಬರ್ ಏನು, ಎಲ್ಲ ಅದರಲ್ಲಿರುತ್ತದೆ. ಅದರ ಪ್ರತಿಯನ್ನು ಏಜೆಂಟರಿಗೆ ಕೊಡಲೇಬೇಕು, ಅದು ಕಾನೂನು. ಎಷ್ಟೋ ಏಜೆಂಟರು ಆ ಹೊತ್ತಿಗೆ ಬೂತಿನಲ್ಲೇ ಇರುವುದಿಲ್ಲ ಅನ್ನುವುದೇ ನನಗೆ ಬೇಜಾರು. ಎಣಿಕೆ ದಿನ ನಿಮ್ಮ ಪಕ್ಷದವರು ಜಾಲರಿಯ ಆಚೆ ಕೂತಾಗ ಯಂತ್ರದ ನಂಬರ್, ಸೀಲು, ಒಟ್ಟು ಮತ ಹೋಲಿಸಿ ನೋಡಲು ಅವರ ಕೈಯಲ್ಲಿರುವ ಸಾಕ್ಷಿ ಆ ಒಂದೇ ಹಾಳೆ. ದಕ್ಷಿಣ ಕನ್ನಡದ ಯಂತ್ರಗಳು 2024ರ ಲೋಕಸಭಾ ಚುನಾವಣೆಯಲ್ಲಿ ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಜೂನ್ 4ರ ವರೆಗೆ ಇದ್ದವು, ಒಂದು ತಿಂಗಳಿಗೂ ಮೇಲೆ! ಅಷ್ಟು ದಿನ ಆದ ಮೇಲೆ "ಇದು ಅದೇ ಯಂತ್ರ" ಅಂತ ಎದೆತಟ್ಟಿ ಹೇಳಲು 17ಸಿ ಬೇಕೇ ಬೇಕು.

ವಿವಿಪ್ಯಾಟ್ ಚೀಟಿ ಹೇಗೂ ಇದೆಯಲ್ಲ, ಎಲ್ಲವನ್ನೂ ಎಣಿಸಿದರೆ ಜಗಳವೇ ಮುಗಿಯಿತಲ್ಲ? (ನಿವೃತ್ತ ಶಿಕ್ಷಕರು, ಕುಂದಾಪುರ)

ಮೇಷ್ಟ್ರೇ, ಎಲ್ಲವನ್ನೂ ಎಣಿಸುವುದನ್ನು ಕೋರ್ಟ್ ಒಪ್ಪಿಲ್ಲ. 2019ರ ಏಪ್ರಿಲ್‌ನಿಂದ ಒಂದು ವಿಧಾನಸಭಾ ಕ್ಷೇತ್ರಕ್ಕೆ ಐದು ಬೂತಿನ ಚೀಟಿ ಎಣಿಸುತ್ತಾರೆ, ಅದಕ್ಕೂ ಮೊದಲು ಒಂದೇ ಇತ್ತು. ಎಂಟು ವಿಧಾನಸಭಾ ಕ್ಷೇತ್ರಗಳ ದಕ್ಷಿಣ ಕನ್ನಡದಲ್ಲಿ 40 ಬೂತು ಆಯಿತು.

ನೀವು ಲೆಕ್ಕದ ಮೇಷ್ಟ್ರಾಗಿದ್ದರೆ ಇದು ನಿಮಗೇ ಗೊತ್ತಾಗುತ್ತದೆ. 200 ಬೂತುಗಳ ಕ್ಷೇತ್ರ ಅಂದುಕೊಳ್ಳಿ. ಅರ್ಧ ಯಂತ್ರಗಳು ಕೆಟ್ಟಿದ್ದರೆ, ಲಾಟರಿ ಎತ್ತಿ ಆರಿಸಿದ ಐದು ಬೂತಿನಲ್ಲಿ ಒಂದಾದರೂ ಸಿಕ್ಕಿಬೀಳುವ ಸಾಧ್ಯತೆ ನೂರಕ್ಕೆ 97. ಕೆಟ್ಟಿರುವುದು ಬರೀ ನಾಲ್ಕೇ ಯಂತ್ರ ಆದರೆ? ನೂರಕ್ಕೆ ಹತ್ತು, ಅಷ್ಟೇ. ಅಂದರೆ ಐದು ಬೂತಿನ ಎಣಿಕೆ ದೊಡ್ಡ ಮೋಸವನ್ನು ಹಿಡಿಯುತ್ತದೆ, ಸಣ್ಣದನ್ನು ಹಿಡಿಯುವುದಿಲ್ಲ. ದೊಡ್ಡ ಅಂತರದಲ್ಲಿ ಗೆದ್ದರೆ ಸಣ್ಣದು ಲೆಕ್ಕಕ್ಕಿಲ್ಲ. ಆದರೆ 2004ರಲ್ಲಿ ಸಂತೇಮರಹಳ್ಳಿಯಲ್ಲಿ ಗೆಲುವಿನ ಅಂತರ ಒಂದೇ ಒಂದು ಮತ, 2023ರಲ್ಲಿ ಜಯನಗರದಲ್ಲಿ 16. ಇಂಥ ಕಡೆ ಐದು ಸಾಲುವುದಿಲ್ಲ. ಅಂತರ ಕಡಿಮೆಯಾದಷ್ಟೂ ಎಣಿಸುವ ಬೂತು ಜಾಸ್ತಿ ಆಗಬೇಕು ಅಂತ ನಿಯಮ ತರಬೇಕು. ಈಗಲೂ ಚೀಟಿ ಎಣಿಸಿ ಅಂತ ಅಭ್ಯರ್ಥಿ ಬರೆದುಕೊಟ್ಟು ಕೇಳಬಹುದು, ಒಪ್ಪುವುದು ಬಿಡುವುದು ಚುನಾವಣಾಧಿಕಾರಿಗೆ ಬಿಟ್ಟದ್ದು. ಒಂದು ಸಮಾಧಾನ ಏನೆಂದರೆ, ಯಂತ್ರಕ್ಕೂ ಚೀಟಿಗೂ ವ್ಯತ್ಯಾಸ ಬಂದರೆ ಚೀಟಿಯ ಲೆಕ್ಕವೇ ಅಂತಿಮ.

ಹಳೇ ಬ್ಯಾಲೆಟ್‌ಗೆ ಹೋಗೋಣ ಅನ್ನುವವರಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಕಟ್ಟುಗಟ್ಟಲೆ ಮುದ್ರೆ ಒತ್ತಿ ಪೆಟ್ಟಿಗೆಗೆ ತುಂಬಿದ ಕಾಲವನ್ನು ನೀವೂ ಕೇಳಿರುತ್ತೀರಿ. ಆದರೆ ಜರ್ಮನಿಯ ಸಂವಿಧಾನ ನ್ಯಾಯಾಲಯ 2009ರಲ್ಲಿ ಹೇಳಿದ ಮಾತು ನಮಗೂ ಬೇಕು. ಚುನಾವಣೆಯ ಮುಖ್ಯ ಹಂತಗಳನ್ನು ತಾಂತ್ರಿಕ ಜ್ಞಾನ ಇಲ್ಲದ ಸಾಮಾನ್ಯ ಪ್ರಜೆಯೂ ಪರೀಕ್ಷಿಸುವಂತಿರಬೇಕು ಎಂದಿತ್ತು ಅದು. ನಮ್ಮಲ್ಲಿ ಹಾಗೆ ಪರೀಕ್ಷಿಸಬಹುದಾದದ್ದು ಆ ಚೀಟಿ ಮಾತ್ರ, ಅಲ್ವಾ?

ನಾನು ಒತ್ತಿದ್ದು ಒಂದು, ಚೀಟಿಯಲ್ಲಿ ಬಂದದ್ದು ಇನ್ನೊಂದು ಅಂತಾದರೆ? (ಗೃಹಿಣಿ, ಕಾಪು)

ಚೀಟಿ ಕಾಣುವುದು ಏಳೇ ಸೆಕೆಂಡ್, ಹಾಗಾಗಿ ಬೀಪ್ ಸದ್ದಿಗೆ ಕಾಯದೆ ಗಾಜಿನ ಕಿಟಕಿಯನ್ನೇ ನೋಡಿ. ತಪ್ಪು ಬಂದರೆ ಹೊರಗೆ ಹೋಗಿ ಗಲಾಟೆ ಮಾಡಬೇಡಿ, ಅಲ್ಲೇ ಅಧಿಕಾರಿಗೆ ಹೇಳಿ. ಅವರು ನಿಮ್ಮಿಂದ ಲಿಖಿತ ಹೇಳಿಕೆ ತಗೊಂಡು, ಏಜೆಂಟರ ಎದುರು ಒಂದು ಟೆಸ್ಟ್ ಮತ ಹಾಕಿಸುತ್ತಾರೆ. ತಪ್ಪು ನಿಜವಾದರೆ ಆ ಯಂತ್ರದಲ್ಲಿ ಮತದಾನ ಅಲ್ಲಿಗೇ ನಿಲ್ಲುತ್ತದೆ. ಹೇಳಿಕೆ ಸುಳ್ಳಾದರೆ ಶಿಕ್ಷೆ ಇದೆ. ಈ ಶಿಕ್ಷೆಯ ಭಯಕ್ಕೇ ನಿಜವಾದ ದೂರುಗಳೂ ಒಳಗೇ ಉಳಿಯಬಹುದು, ಆ ನಿಯಮ ಸಡಿಲ ಆಗಬೇಕು ಅಂತ ನನ್ನ ಅಭಿಪ್ರಾಯ. ಆದರೂ ನಿಮ್ಮ ಕಣ್ಣಿಗೆ ಸ್ಪಷ್ಟವಾಗಿ ಬೇರೆ ಚಿಹ್ನೆ ಕಂಡಿದ್ದರೆ ಬಾಯಿ ಮುಚ್ಚಿಕೊಂಡು ಬರಬೇಡಿ ಅಮ್ಮ.